ಬಸ್ಸಿನ ಟಾಪಿನ ಮೇಲೆ ಬಂದ ಹಾಸಿಗೆ

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಆಗ ಇಬ್ಬರು ಮಹಾಲಕ್ಷ್ಮಮ್ಮ ಇದ್ದರು. ಒಬ್ಬರು ಹಾಲು ಮಾರುತ್ತಿದ್ದರು. ಇನ್ನೊಬ್ಬರನ್ನು ಎಲ್ಲರೂ ‘ಕಲೆ ಮಹಾಲಕ್ಷ್ಮಮ್ಮ’ ಎನ್ನುತ್ತಿದ್ದರು. ಹೊಸಬರು ಹೆಸರು ಕೇಳಿ, ಹಾಡೋ ಕುಣಿತವೋ ಇರಬೇಕು ಎಂದುಕೊಂಡು ಹೋಗಿ ನೋಡಿದರೆ, ಜಗಲಿಯ ಮೇಲೆ ತೆಳ್ಳನೆಯ ಹೆಂಗಸೊಬ್ಬರು ರೇಷ್ಮೆ ಸೀರೆಯ ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿ ಉದುರಿಸುತ್ತ ಕುಳಿತಿರುತ್ತಿದ್ದರು.

ಮಗ್ಗದಿಂದ ಇಳಿಯುವ ಸೀರೆಗೆ ನೂರು ಶತ್ರುಗಳು. ಮಗ್ಗಕ್ಕೆ ಬಿಟ್ಟ ಎಣ್ಣೆ ಹನಿಯುತ್ತದೆ, ನೇಯುವವನ ಬಾಯಿಯ ಎಲೆಅಡಿಕೆ ಸಿಡಿಯುತ್ತದೆ, ಮಕ್ಕಳು ಶಾಯಿ ಚೆಲ್ಲುತ್ತಾರೆ. ಕಲೆಯಾದ ಸೀರೆಯನ್ನು ಸಾಹುಕಾರರಿಗೆ ತೋರಿಸುವ ಮುಂಚೆ ನೇಕಾರರು ಸದ್ದಿಲ್ಲದೆ ಮಹಾಲಕ್ಷ್ಮಮ್ಮನ ಮನೆಗೆ ತರುತ್ತಿದ್ದರು. ಯಾರ ಸೀರೆ, ಯಾರಿಂದ ಕಲೆಯಾಯಿತು ಎಂಬುದನ್ನು ಅವರು ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದ್ದಿಲ್ಲ.

ನಾನು ೧೯೬೦ರಲ್ಲಿ ಅವರ ಎದುರು ಮನೆಗೆ ಸೊಸೆಯಾಗಿ ಬಂದವಳು. ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುತ್ತ ಕುಳಿತರೆ ನನ್ನ ಕಣ್ಣಿಗೆ ಬೀಳುತ್ತಿದ್ದುದು ಅವರ ಜಗಲಿಯೇ. ಅವರು ಕಲೆಯನ್ನು ಎಂದೂ ಉಜ್ಜುತ್ತಿರಲಿಲ್ಲ. ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತ ಬರುತ್ತಿದ್ದರು. ಒತ್ತಿದ ತುಂಡಿಗೆ ಕಲೆ ಹತ್ತಿದ ಮೇಲೆ ಬೇರೆ ತುಂಡು. ಯಾವ ಹೊಸ ಪದಾರ್ಥವನ್ನಾದರೂ ಮೊದಲು ಸೆರಗಿನ ಮೂಲೆಗೆ ಒಂದು ತೊಟ್ಟು ಹಾಕಿ, ಬಣ್ಣ ಬಿಡುತ್ತದೆಯೋ ಎಂದು ನೋಡಿಕೊಂಡೇ ಮುಂದಿನ ಕೆಲಸ.

ಇದನ್ನು ಅವರಿಗೆ ಕಲಿಸಿದವರು ಗಂಡ. ಆತ ಬಣ್ಣದ ಮನೆಯಲ್ಲಿ ರೇಷ್ಮೆ ಬೇಯಿಸುವ, ಬಣ್ಣ ಹಾಕುವ ಕೆಲಸದಲ್ಲಿದ್ದ. ನಮ್ಮ ಊರು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಒಂದು ದಿನ ಬ್ಲೀಚಿಂಗ್ ಪುಡಿ ಕಲಸಿದ ತೊಟ್ಟಿಗೆ ಯಾರೋ ತಿಳಿಯದೆ ಆಸಿಡ್ಡು ಸುರಿದುಬಿಟ್ಟರು. ಹಸಿರುಗಟ್ಟಿದ ಹೊಗೆ ಎದ್ದಿತು. ಒಳಗಿದ್ದ ಈತ ಉಸಿರು ಕಟ್ಟಿ ಬಿದ್ದವನು ಬದುಕೇನೋ ಬದುಕಿದ, ಆದರೆ ಕೆಮ್ಮು ಅವನನ್ನು ಬಿಡಲಿಲ್ಲ. ಊರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ತೀರಿಕೊಂಡ. ಆಗ ಮಗಳು ಅನಸೂಯಳಿಗೆ ಹನ್ನೆರಡು ವರ್ಷ.

ಅನಸೂಯಳ ಮದುವೆ ೧೯೬೧ರಲ್ಲಿ ಯಳಂದೂರಿನ ಗುರುಸ್ವಾಮಿಯ ಜೊತೆ ಆಯಿತು. ಅವರೂ ನೇಕಾರರೇ, ಮನೆಯಲ್ಲಿ ಎರಡು ಮಗ್ಗ. ಗುರುಸ್ವಾಮಿಯ ತಾಯಿ ವಿಜಯಮ್ಮ ಮದುವೆಯ ಮಾತಿನ ದಿನ ಕೇಳಿದ್ದು ಒಂದೇ, ಒಳ್ಳೆಯ ಹಾಸಿಗೆ ಇರಬೇಕು ಎಂದು. ಮಹಾಲಕ್ಷ್ಮಮ್ಮ ಹನೂರು ಕಡೆಯಿಂದ ಬೂರುಗದ ಕಾಯಿ ತರಿಸಿ, ಒಂದೊಂದೇ ಬೀಜ ಕೈಯಿಂದ ಬಿಡಿಸಿದರು. ಆ ಹತ್ತಿಯ ಎಳೆ ಅವರ ಕೂದಲಲ್ಲಿ, ಹುಬ್ಬಿನಲ್ಲಿ ಇರುತ್ತಿತ್ತು. ನೀಲಿ ಪಟ್ಟೆಯ ದಪ್ಪ ಬಟ್ಟೆ ತಂದು, ಹಾಸಿಗೆ ಹೊಲಿಯುವ ಚಿಕ್ಕಮಾದಪ್ಪನನ್ನು ಕೂರಿಸಿಕೊಂಡು ಹೊಲಿಸಿದರು. ತಾವು ಮಲಗುತ್ತಿದ್ದುದು ಚಾಪೆಯ ಮೇಲೆ.

ಮರುವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ನನ್ನ ತವರಿನವರು ಬರುವರೆಂದು ನಾನೂ ನನ್ನ ಅತ್ತೆ ಮಹದೇವಮ್ಮನೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ಮಹಾಲಕ್ಷ್ಮಮ್ಮ ಅಲ್ಲೇ ಅಂಗಡಿಯಲ್ಲಿ ಅಂಟುವಾಳದ ಕಾಯಿ ಕೊಳ್ಳುತ್ತಿದ್ದರು. ಯಳಂದೂರಿನ ಬಸ್ಸು ಬಂತು. ಅದರಲ್ಲಿ ನನ್ನ ತವರಿನವರು ಇರಲಿಲ್ಲ, ಅನಸೂಯ ಇಳಿದಳು. ಮುಖ ಸುಣ್ಣದ ಗೋಡೆಯಂತಿತ್ತು. ಮೆಟ್ಟಿಲು ಇಳಿದು ಕಂಬಿ ಹಿಡಿದುಕೊಂಡು ನಿಂತೇಬಿಟ್ಟಳು.

ಕಂಡಕ್ಟರ್ ಟಾಪಿನ ಮೇಲಿಂದ ಕೂಗಿದ. “ಈ ಆಸ್ಗೆ ಯಾರ್ದು? ಎಲ್ಲಿ ಇಳುಸ್ಲಿ?”

ಎಲ್ಲರೂ ತಲೆ ಎತ್ತಿ ನೋಡಿದರು. ನೀಲಿ ಪಟ್ಟೆಯ ಹಾಸಿಗೆ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದದ್ದು. ಹೊರಮೈಯಲ್ಲಿ ಒಂದು ಮೊರದಷ್ಟು ಅಗಲಕ್ಕೆ ಒಣಗಿ ಕಂದಾಗಿದ್ದ ರಕ್ತದ ಕಲೆ. ಯಾರೋ ನಕ್ಕರು. ಇಬ್ಬರು ಹೆಂಗಸರು ಮುಖ ಆ ಕಡೆ ತಿರುಗಿಸಿದರು. ನಾನೂ ತಿರುಗಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಹಾಲಕ್ಷ್ಮಮ್ಮ ಅಂಟುವಾಳದ ಪೊಟ್ಟಣ ಅಲ್ಲೇ ಬಿಟ್ಟು ಮಗಳ ಹತ್ತಿರ ಹೋದರು.

“ಏನಾಯ್ತು ಮಗಾ?”

“ಮೂರು ತಿಂಗ್ಳಾಗಿತ್ತು ಕಣವ್ವ. ಓಯ್ತು.”

“ಯಾವತ್ತು?”

“ಐದ್ ದಿನ ಆಯ್ತು.”

“ಜೊತೆಗ್ಯಾರು ಬಂದವ್ರೆ?”

“ಅಲ್ಲಿ ಬಸ್ಸಿನವರ್ಗೂ ಅವ್ರು ಬಂದಿದ್ರು. ಮಗ್ಗ ಬುಟ್ಟು ಬರಾಕಾಗಕಿಲ್ಲ ಅಂತ ಓದ್ರು.”

ನನ್ನ ಅತ್ತೆ ತಮ್ಮ ಸೆರಗಿನ ಮೇಲಿದ್ದ ಹಳೆಯ ಹೊದಿಕೆಯನ್ನು ತೆಗೆದು ಮುಂದೆ ಹಿಡಿದರು. “ತಕೋ ಮಹಾಲಕ್ಷ್ಮಿ, ಆಸ್ಗೆ ಮೇಲೆ ಒದ್ದುಸು. ಜನ ನೋಡ್ತವ್ರೆ.”

ಆಗ ಅನಸೂಯ ಹೇಳಿದ ಮಾತು ಕೇಳಿ ನನ್ನ ಅತ್ತೆಯ ಕೈ ಹಾಗೇ ನಿಂತಿತು. “ನಾನೂ ಆಸ್ಗೆಗೆ ಸೀರೆ ಸುತ್ತಿದ್ದೆ ಕಣತ್ತೆ. ಸೀರೆ ನಮ್ಮನೇದು, ಮೈಲಿಗೆ ಆಗ್ತದೆ ಅಂತ ನಮ್ಮತ್ತೆ ಬಿಚ್ಕಂಡ್ರು.”

ಮಹಾಲಕ್ಷ್ಮಮ್ಮ ಕೂಗಾಡಲಿಲ್ಲ. ಕಂಡಕ್ಟರಿಗೆ, “ಇಳ್ಸಪ್ಪ, ನಮ್ದೇ” ಅಂದರು. ಹಾಸಿಗೆಯನ್ನು ಅಂಗಡಿಯ ಗೋಡೆಗೆ ಒರಗಿಸಿ, ನನ್ನನ್ನು ನೋಡಿ, “ಇದ್ನ ನೋಡ್ಕಳವ್ವ” ಎಂದು ಹೇಳಿ, ಮಗಳನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ನೆಟ್ಟಗೆ ಸರ್ಕಾರಿ ಆಸ್ಪತ್ರೆಗೆ ಹೋದರು. ಹಾಸಿಗೆಯ ಮಾತು ಆಮೇಲೆ.

ಲೇಡಿ ಡಾಕ್ಟರು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಇನ್ನೆರಡು ದಿನ ತಡವಾಗಿದ್ದರೆ ಹುಡುಗಿ ಕೈಗೆ ಸಿಗುತ್ತಿರಲಿಲ್ಲ ಎಂದು ಅಲ್ಲೇ ಮಲಗಿಸಿಕೊಂಡರು. ಐದು ದಿನ ಯಳಂದೂರಿನ ಆ ಮನೆಯವರು ಮಾಡಿದ್ದೇನು? ಸೂಲಗಿತ್ತಿಯನ್ನು ಒಮ್ಮೆ ಕರೆಸಿದರು. ಆಸ್ಪತ್ರೆಯ ಹೆಸರೆತ್ತಲಿಲ್ಲ. ನೋವು ಶುರುವಾದ ಬೆಳಿಗ್ಗೆ ಅನಸೂಯ ಹೊಟ್ಟೆ ಹಿಡಿದುಕೊಂಡು ಹೇಳಿದಾಗ ವಿಜಯಮ್ಮ, “ಕಂಡಿಕೆ ಸುತ್ತಿ ಮುಗ್ಸು, ಆಮೇಲೆ ಮನಿಕ” ಎಂದರಂತೆ. ಸುತ್ತಿ ಮುಗಿಸಿ ಹೋಗಿ ಮಲಗಿದ ಮೇಲೆ ಹಾಸಿಗೆಯ ಮೇಲೆ ಅಷ್ಟು ರಕ್ತ. ಐದನೆಯ ದಿನ, ಕೋಣೆ ಮೈಲಿಗೆಯಾಯಿತು, ಈ ಹಾಸಿಗೆ ಬಂದ ಕಡೆಗೇ ಹೋಗಲಿ, ನೀನು ಬರುವಾಗ ಹೊಸದು ಹೊಲಿಸಿಕೊಂಡು ಬಾ ಎಂದು ಕಳಿಸಿದ್ದರು. ಹೀಗೆ ಹೇಳಿದ ಬಾಯಿಗೆ ಹುಳ ಬೀಳಲಿ ಎಂದು ನಾನು ಮನಸ್ಸಿನಲ್ಲೇ ಶಪಿಸಿದ್ದೆ. ಅದನ್ನು ಈಗ ಬರೆಯಲು ನನಗೆ ಸಂಕೋಚವಿಲ್ಲ.

ಆವತ್ತು ಸಂಜೆಯೊಳಗೆ ಮಹಾಲಕ್ಷ್ಮಮ್ಮ ಅಂಗಡಿಗೆ ಬಂದು, ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ದೊಡ್ಡ ಬೀದಿಯಲ್ಲೇ ನಡೆದರು. ನನ್ನ ಅತ್ತೆ ಸಂದಿಯ ದಾರಿ ತೋರಿಸಿದರು. “ಆ ಕಡೆಯಿಂದ ಓಗನ ಬಾ, ಯಾರೂ ಇರಕಿಲ್ಲ.”

“ನಾನೇನ್ ಕದ್ಕಂಡ್ ಓಯ್ತಿದ್ದೀನಾ ಮಹದೇವಮ್ಮ?” ಎಂದು ಕೇಳಿ ಅವರು ಮುಂದೆ ನಡೆದರು. ನಾವು ಅವರ ಹಿಂದೆ ನಡೆದೆವು.

ಮಗಳು ಆಸ್ಪತ್ರೆಯಿಂದ ಬರುವವರೆಗೆ ಅವರು ಹಾಸಿಗೆಯನ್ನು ಮುಟ್ಟಲಿಲ್ಲ. ಗಾಳಿಯಾಡುವ ಕಡೆ ನಿಲ್ಲಿಸಿದ್ದರು, ಅಷ್ಟೆ. ಆರನೆಯ ದಿನ ಅನಸೂಯ ಮನೆಗೆ ಬಂದು ಒಳಗೆ ಮಲಗಿದಳು. ಏಳನೆಯ ದಿನ ಬೆಳಿಗ್ಗೆ ಬೀದಿಯಲ್ಲಿ ಬಿಸಿಲು ಬೀಳುವ ಹೊತ್ತಿಗೆ ಮಹಾಲಕ್ಷ್ಮಮ್ಮ ಎರಡು ಹಗ್ಗದ ಮಂಚಗಳನ್ನು ಮನೆಯ ಮುಂದೆ ಜೋಡಿಸಿ, ಹಾಸಿಗೆಯನ್ನು ಕಲೆ ಮೇಲಾಗಿ ಹಾಸಿದರು.

ನಮ್ಮ ಬೀದಿಯಲ್ಲಿ ರೇಷ್ಮೆಯ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದ ನೂಲು, ಎಳೆದು ಕಟ್ಟುವುದು ಬೀದಿಯಲ್ಲೇ. ಬೆಳಿಗ್ಗೆಯೇ ಗಂಡಸರು ಗೂಟ ನೆಟ್ಟು ನೂಲು ಬಿಗಿಯುತ್ತಿರುತ್ತಾರೆ. ಅವರ ನಡುವೆ ಈ ಹಾಸಿಗೆ. ಗುಸುಗುಸು ಶುರುವಾಯಿತು. ಸ್ವಲ್ಪ ಹೊತ್ತಿಗೆ ನಮ್ಮ ಕುಲದ ಯಜಮಾನರಾದ ದೇವಣ್ಣನವರು ಬಂದರು. ಬೀದಿಯ ಅರ್ಧ ಮನೆಗಳಿಗೆ ರೇಷ್ಮೆ ಕೊಟ್ಟು ನೇಯಿಸುತ್ತಿದ್ದವರು ಅವರೇ.

“ಏನವ್ವ ಇದು, ನಾಲ್ಕು ಜನ ತಿರುಗಾಡ ಜಾಗದಲ್ಲಿ?”

“ಬಿಸ್ಲು ಇಲ್ಲೇ ಬೀಳದು ದೇವಣ್ಣಾರೇ. ಇತ್ಲಲ್ಲಿ ನೆಳ್ಳು. ನೆಳ್ಳಲ್ಲಿ ಒಣಗ್ಸುದ್ರೆ ಅತ್ತಿ ಬೂಷ್ಟು ಇಡೀತದೆ.”

“ಸುಟ್ಟಾಕುಬುಡು. ಇಲ್ಲ, ಯಾರಿಗಾರ ಕೊಟ್ಬುಡು. ಎಣ್ಮಕ್ಳ ಮೈಲಿಗೆ ಇಂಗೆ ಬೀದೀಲಿ ಅರಡ್ಕಂಡು, ಅದ್ರ ಪಕ್ಕದಲ್ಲಿ ನಾವು ಮದ್ವೆ ಸೀರೆ ಆಸು ಕಟ್ಟದಾ?”

ಮಹಾಲಕ್ಷ್ಮಮ್ಮ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಕೆಳಗಿಟ್ಟು ಎದ್ದು ನಿಂತರು. ಅವರು ದೇವಣ್ಣನವರ ಮುಂದೆ ನಿಂತು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. ಕಲೆಯ ಗುಟ್ಟನ್ನು ಹೊರಗೆ ಹೇಳಿದ್ದನ್ನೂ ಯಾರೂ ಕೇಳಿರಲಿಲ್ಲ. ಅವತ್ತು ಎರಡೂ ಆಯಿತು.

“ಓದ್ ವರ್ಷ ನಿಮ್ಮನೇಲಿ ನೇಯೋರ್ದು ಬೆರಳು ಕೊಯ್ಕಂಡು, ಧಾರೆ ಸೀರೆ ಮೇಲೆ ರಕ್ತ ಬಿತ್ತು. ನೀವೇ ಪಂಚೆಯೊಳ್ಗೆ ಮಡುಚ್ಕಂಡು ತಂದ್ರಿ. ನಾನು ತೆಗೆದೆ. ಆ ಸೀರೆ ಉಟ್ಕಂಡು ಒಂದ್ ಎಣ್ಣು ಮದ್ವೆ ಆಗವ್ಳೆ. ಆ ರಕ್ತ ಮೈಲಿಗೆ ಅಲ್ವಾ ದೇವಣ್ಣಾರೇ? ಗಂಡಸ್ರ ಬೆರಳಿಂದ ಬಂದ್ರೆ ಅದು ಬರೀ ಕಲೆ, ನನ್ ಮಗಳ ಒಟ್ಟೆಯಿಂದ ಬಂದ್ರೆ ಬೀದಿಗೇ ಮೈಲಿಗೆಯಾ?”

ಗೂಟದ ಹತ್ತಿರ ನಿಂತಿದ್ದವರು ನೂಲು ಎಳೆಯುವುದನ್ನು ನಿಲ್ಲಿಸಿದರು. ದೇವಣ್ಣನವರು ಶಲ್ಯ ಹೆಗಲ ಮೇಲೆ ಸರಿಮಾಡಿಕೊಂಡರು. “ಬೇಗ ಆಗೋ ಅಂಗಾದ್ರೂ ಮಾಡವ್ವ. ಬ್ಲೀಚಿಂಗ್ ಪುಡಿ ಕಳುಸ್ತೀನಿ, ಬಣ್ಣದ ಮನೆಯಿಂದ ಒಂದ್ ಸೀಸೆ ಆಸಿಡ್ಡೂ ಕೊಡುಸ್ತೀನಿ. ಎರಡೂ ಸೇರ್ಸಿ ಉಯ್ದು ಬುಟ್ರೆ ಒಂದ್ ಗಳುಗೇಲಿ ಬೆಳ್ಳಗಾಯ್ತದೆ” ಎಂದರು.

“ಅವೆರಡೂ ಸೇರೇ ನನ್ ಗಂಡನ ತಕಂಡ್ ಓಗಿದ್ದು,” ಎಂದರು ಮಹಾಲಕ್ಷ್ಮಮ್ಮ. “ನಿಮ್ಗೆ ಗೊತ್ತಿಲ್ದೇ ಇರಬೌದು. ಈ ಬೀದೀಲಿ ಯಾರೂ ಅವೆರಡ್ನ ಒಂದ್ ಕಡೆ ಮಡಗ್ಬೇಡಿ. ಅದ್ನ ಬುಟ್ರೂ ನನ್ ಮಗಳು ಇದ್ರ ಮೇಲೆ ಮೈ ಮಡಗ್ಬೇಕು. ಮೂಗ್ಗೆ ಒಡ್ಯೋ ಅಂಥದ್ನ ನಾನು ಆಸ್ಗೆಗೆ ಆಕಕಿಲ್ಲ.”

ದೇವಣ್ಣನವರು ಹೊರಟುಹೋದರು. ಹಾಸು ಕಟ್ಟುವವರು ತಮ್ಮ ಗೂಟಗಳನ್ನು ನಾಲ್ಕು ಮಾರು ಆಚೆ ನೆಟ್ಟುಕೊಂಡರು.

ಮಧ್ಯಾಹ್ನ ನನ್ನ ಅತ್ತೆ ಮಲಗಿದ ಮೇಲೆ ನಾನು ಅಲ್ಲಿಗೆ ಹೋದೆ. ಒಂದು ತಂಬಿಗೆ ಬಿಸಿನೀರು ಕಾಯಿಸಿ ತೆಗೆದುಕೊಂಡು ಹೋಗಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ತಂಬಿಗೆ ಮುಟ್ಟಿ ನೋಡಿ ನಕ್ಕರು. ಆ ಏಳು ದಿನಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು.

“ರಕ್ತಕ್ಕೆ ಬಿಸ್ನೀರು ಉಯ್ದ್ರೆ ಬೆಂದು ಬಟ್ಟೆಗೆ ಅಂಟ್ಕತದೆ ಕಣವ್ವ, ಮೊಟ್ಟೆ ಬೇಯ್ಸಿದಂಗೆ. ತಣ್ಣೀರೇ ಆಗ್ಬೇಕು. ಅದೂ ಸುರೀಬಾರ್ದು.”

ಹಾಸಿಗೆ ಸೀರೆಯಂತಲ್ಲ ಎಂದು ಅವರು ನನಗೆ ತೋರಿಸಿದರು. ಸೀರೆಯನ್ನು ಅದ್ದಿ ಹಿಂಡಬಹುದು. ಹಾಸಿಗೆಗೆ ನೀರು ಇಳಿದರೆ ಒಳಗಿನ ಬೂರುಗದ ಹತ್ತಿ ಮುದ್ದೆಯಾಗುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಕೊಳೆಯುತ್ತದೆ, ಮಲಗಿದವರಿಗೆ ಉಬ್ಬಸ ತರುತ್ತದೆ. ಅದಕ್ಕೇ ಅವರು ಪಕ್ಕದ ಹೊಲಿಗೆಯನ್ನು ಎರಡು ಗೇಣು ಬಿಚ್ಚಿ, ಕಲೆಯ ಕೆಳಗೆ ಕಂದು ಹತ್ತಿದ್ದ ಹತ್ತಿಯನ್ನು ಕೈ ಹಾಕಿ ತೆಗೆದಿದ್ದರು. ಆ ಜಾಗಕ್ಕೆ ಒಂದು ಮಣೆ ತೂರಿಸಿ, ಮಣೆಯ ಮೇಲೆ ಹಳೆಯ ಬಟ್ಟೆ ಮಡಿಸಿಟ್ಟಿದ್ದರು. ಈಗ ಕಲೆಯಾದ ಬಟ್ಟೆ ಮಾತ್ರ ಮಣೆಯ ಮೇಲೆ ಬಿಗಿಯಾಗಿ ನಿಂತಿತ್ತು. ಏನು ಮಾಡಿದರೂ ತೇವ ಒಳಗಿನ ಹತ್ತಿಗೆ ಹೋಗುವಂತಿರಲಿಲ್ಲ.

ಕೆಲಸದ ಮೊದಲ ದಿನ ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕಲೆಯ ಮೇಲೆ ಹಾಸಿ ನೆನೆಸಿದ್ದಷ್ಟೆ. ಹಳೆಯ ರಕ್ತ, ಅವಸರ ಪಟ್ಟರೆ ಬಿಡುವುದಿಲ್ಲ. ಎರಡನೆಯ ದಿನ ಪುಡಿ ಉಪ್ಪನ್ನು ಒಂದಿಷ್ಟು ನೀರಿನಲ್ಲಿ ಕಲಸಿ ಬಳಿದು, ತಾಸು ಬಿಟ್ಟು ಒದ್ದೆ ಬಟ್ಟೆಯಿಂದ ಒತ್ತಿ ತೆಗೆದರು. ಬಟ್ಟೆಯ ತುಂಡುಗಳು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಅಂಟುವಾಳವನ್ನು ನೆನೆಹಾಕಿ ಕಿವುಚಿ, ನೀರು ಬಿಟ್ಟು ಬರೀ ನೊರೆಯನ್ನು ಅಂಗೈಯಲ್ಲಿ ಎತ್ತಿ ಕಲೆಯ ಮೇಲಿಡುತ್ತಿದ್ದರು. ಬಿಸಿಲು ಇಳಿಯುವ ಮುಂಚೆ ಹಾಸಿಗೆಯನ್ನು ಒಳಗೆ ತಂದು ಗೋಡೆಗೆ ಒರಗಿಸಿ ನಿಲ್ಲಿಸುವುದು, ಬೆಳಿಗ್ಗೆ ಮತ್ತೆ ಹೊರಗೆ.

ಮೂರನೆಯ ದಿನ ಅನಸೂಯ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ತಾಯಿಯ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಕಲೆಯನ್ನೇ ನೋಡಿದಳು. ಮೂಲೆಯಲ್ಲಿ ಹಳೆಯ ಬುಟ್ಟಿಯಲ್ಲಿ ತೆಗೆದಿಟ್ಟಿದ್ದ ಹತ್ತಿ ಕಂಡಿತು.

“ಇದ್ನ ಏನ್ ಮಾಡ್ತೀಯವ್ವ?”

“ತೊಳಿಯಾಕೆ ಆಗಕಿಲ್ಲ. ಏನ್ ಮಾಡದು ಅಂತ ನೀನೇ ಏಳು.”

ಅನಸೂಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋಗಬೇಕೆಂದು ಎದ್ದೆ, ಮಹಾಲಕ್ಷ್ಮಮ್ಮ ಕೈ ಹಿಡಿದು ಕೂರಿಸಿದರು. ಕರಿಬೇವಿನ ಗಿಡದ ಬುಡದಲ್ಲಿ ಅವಳು ತಾನೇ ಅಗೆದು ಹೂತಳು ಎಂದು ಆಮೇಲೆ ತಿಳಿಯಿತು. ತಿರುಗಿ ಬಂದಾಗ ಅವಳ ಕೈತುಂಬ ಮಣ್ಣು. ಅತ್ತಿರಲಿಲ್ಲ. ಕೈ ತೊಳೆದುಕೊಂಡು ಬಂದು ಒದ್ದೆ ಬಟ್ಟೆಯ ಒಂದು ತುಂಡು ತೆಗೆದುಕೊಂಡು ಅಂಚಿನಿಂದ ಒತ್ತತೊಡಗಿದಳು.

“ಅವ್ರು ಬಾಗ್ಲಲ್ಲೇ ನಿಂತಿದ್ರು ಕಣವ್ವ,” ಎಂದಳು. ಅವಳು ಹೇಳುತ್ತಿದ್ದುದು ಗುರುಸ್ವಾಮಿಯ ವಿಷಯ. “ನಾನು ನೀರು ಕೇಳ್ದೆ. ಒಳೀಕ್ ಬರಂಗಿಲ್ಲ ಅಂತ ಅವರವ್ವ ಅಂದಿದ್ರು. ಅದ್ಕೆ ತಂಬ್ಗೆನ ಒಸ್ಲು ಮೇಲೆ ಮಡಗಿದ್ರು. ನಾನು ತೆವಳ್ಕಂಡ್ ಓಗಿ ಕುಡುದೆ.”

ಮಹಾಲಕ್ಷ್ಮಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದರು, ಅದರಲ್ಲಿ ನೀರು ಮುಗಿದ ಮೇಲೂ ಹಿಂಡುತ್ತಲೇ ಇದ್ದರು.

ಐದನೆಯ ದಿನಕ್ಕೆ ಕಲೆ ತಿಳಿ ಟೀ ಬಣ್ಣಕ್ಕೆ ಬಂತು. ಆಗ ನಿಂಬೆಹಣ್ಣು. ಅದನ್ನೂ ಮೊದಲು ಮೂಲೆಯ ನೀಲಿ ಪಟ್ಟೆಯ ಮೇಲೆ ಒಂದು ಹನಿ ಹಾಕಿ, ಅರ್ಧ ದಿನ ಕಾದು, ಪಟ್ಟೆ ಮಾಸಲಿಲ್ಲ ಎಂದು ಕಂಡ ಮೇಲೆ ಹಚ್ಚಿದರು. ಬಿಸಿಲಲ್ಲಿ ಬಿಟ್ಟು, ಮತ್ತೆ ತಣ್ಣೀರಿನ ಬಟ್ಟೆಯಿಂದ ಹುಳಿಯನ್ನೆಲ್ಲ ಒರೆಸಿ ತೆಗೆದರು. ಏಳನೆಯ ದಿನ ಗೊತ್ತಿದ್ದವರು ಹುಡುಕಿದರೆ ಕಾಣುವಂಥ ಒಂದು ತೆಳು ಗೆರೆ ಮಾತ್ರ ಉಳಿದಿತ್ತು. ಮಹಾಲಕ್ಷ್ಮಮ್ಮ ತಮ್ಮ ತಲೆದಿಂಬಿನ ಹೊಲಿಗೆ ಬಿಚ್ಚಿ, ಅದರ ಹತ್ತಿಯನ್ನೆಲ್ಲ ಹಾಸಿಗೆಗೆ ತುಂಬಿ, ಎರಡು ಗೇಣನ್ನೂ ಸಣ್ಣ ಹೊಲಿಗೆಯಲ್ಲಿ ಮುಚ್ಚಿದರು.

ಆ ಸಂಜೆ ನನ್ನ ಅತ್ತೆ ಅವರ ಮನೆಗೆ ಹೋಗಿ ಹಳೆಯ ಕಲೆಯೂ ಹೋಗುತ್ತದೆಯೇ ಎಂದು ಅಡುಗೆಮನೆಯ ಮೂಲೆಯಲ್ಲಿ ಮೆಲ್ಲಗೆ ಕೇಳಿದರು. ನಮ್ಮ ಮನೆಯ ದೊಡ್ಡ ಹಾಸಿಗೆಯನ್ನು ಅವರು ಹನ್ನೆರಡು ವರ್ಷದಿಂದ ತಲೆಕೆಳಗು ಮಾಡಿ ಹಾಸುತ್ತಿದ್ದರಂತೆ. ನನ್ನ ನಾದಿನಿ ಹುಟ್ಟಿದಾಗಿನ ಕಲೆ. ಮಾವನವರಿಗೆ ಗೊತ್ತಾಗಬಾರದೆಂದು ಬಿಸಿಲಿಗೂ ಹಾಕಿರಲಿಲ್ಲ. ತುಂಬಿದ ಮನೆಯಲ್ಲಿ ಹನ್ನೆರಡು ವರ್ಷ ಒಂದು ಹೆಂಗಸು ತನ್ನ ಹೆರಿಗೆಯ ಗುರುತನ್ನು ಕಳ್ಳಮಾಲಿನಂತೆ ಅಡಗಿಸಿಕೊಂಡು ಅದರ ಮೇಲೆಯೇ ಮಲಗಿದ್ದಳು. ಹನ್ನೆರಡು ವರ್ಷದ್ದು ಪೂರ್ತಿ ಹೋಗುವುದಿಲ್ಲ ಎಂದು ಮಹಾಲಕ್ಷ್ಮಮ್ಮ ಇದ್ದದ್ದನ್ನೇ ಹೇಳಿದರು. ಆದರೂ ಮರುದಿನ ನನ್ನ ಅತ್ತೆ ಹಾಸಿಗೆಯನ್ನು ಬೀದಿಯ ಬಿಸಿಲಿಗೆ ತಂದು ಹಾಕಿದರು. ಮಾವನವರು ನೋಡಿ, ಏನೂ ಕೇಳದೆ ಮಗ್ಗಕ್ಕೆ ಇಳಿದರು.

ಮೂರು ವಾರ ಕಳೆದ ಮೇಲೆ ಗುರುಸ್ವಾಮಿ ತಾಯಿಯ ಜೊತೆ ಬಂದ. ನಡುವೆ ಮಾತಾಡಲು ದೇವಣ್ಣನವರನ್ನೂ ಕರೆತಂದಿದ್ದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ಇದ್ದೆ. ವಿಜಯಮ್ಮ ದಪ್ಪ ಜರಿಯ ಸೀರೆ ಉಟ್ಟು ಬಂದಿದ್ದರು. ಮೂಲೆಯಲ್ಲಿ ಮಡಿಸಿಟ್ಟಿದ್ದ ಹಾಸಿಗೆ ಅವರ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಕೈಯಾಡಿಸಿದರು, ಒತ್ತಿ ನೋಡಿದರು.

“ಚೆನ್ನಾಗ್ ಒಲ್ಸಿದ್ದೀರಿ ಬೀಗಿತ್ತಿ. ಮುಂಚಿಂದುಕಿಂತ ಇದೇ ಮೆತ್ತಗದೆ.”

“ಇದು ಅದೇ,” ಎಂದರು ಮಹಾಲಕ್ಷ್ಮಮ್ಮ.

“ಯಾವ್ದು?”

“ನೀವು ಸೀರೆ ಬಿಚ್ಕಂಡು ಬಸ್ಸಿನ ಟಾಪಿಗೆ ಆಕ್ಸಿದ್ರಲ್ಲ, ಅದೇ.”

ವಿಜಯಮ್ಮ ಬೆಂಕಿ ಮುಟ್ಟಿದಂತೆ ಕೈ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡರು. ಒಂದು ಕ್ಷಣದ ಹಿಂದೆ ಮೆತ್ತಗಿದ್ದ ಹಾಸಿಗೆ ಅದು. ನನಗೆ ಕೈಯಲ್ಲಿದ್ದ ಕಾಫಿಯನ್ನು ಆ ಜರಿ ಸೀರೆಯ ಮೇಲೆ ಚೆಲ್ಲಬೇಕೆನ್ನಿಸಿತು.

“ಇದ್ನ ನಮ್ಮನೆ ಒಳೀಕ್ ಬುಟ್ಕಳಕ್ಕಾಗಕಿಲ್ಲ,” ಎಂದರು ವಿಜಯಮ್ಮ ದೇವಣ್ಣನವರನ್ನು ನೋಡಿ.

ದೇವಣ್ಣನವರು ಏನು ಹೇಳುತ್ತಾರೋ ಎಂದು ನಾನು ಕಾಯುತ್ತಿದ್ದೆ. “ಆಸ್ಗೇಲಿ ಏನೂ ಇಲ್ಲ ಕಣವ್ವ. ಅದು ಒಗ್ದು ಒಣಗಿದ್ನ ನಾನೇ ನೋಡಿವ್ನಿ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಅವರಿಂದ ಅಷ್ಟಾದರೂ ಬಂತು.

ಆಗ ಬಾಗಿಲ ಹಿಂದಿದ್ದ ಅನಸೂಯ ಮುಂದೆ ಬಂದಳು. ಗಂಡನನ್ನೇ ನೋಡಿ ಮಾತಾಡಿದಳು.

“ನಾನು ಬತ್ತೀನಿ. ಆದ್ರೆ ಇದೇ ಆಸ್ಗೆ ಜೊತೆ ಬತ್ತೀನಿ. ಬಸ್ಸಿಳುದ್ ಮೇಲೆ ಮನೆಗಂಟ ನೀವೇ ತಲೆ ಮೇಲೆ ಒತ್ಕಂಡ್ ಓಗ್ಬೇಕು. ಅಗಲು ಒತ್ನಲ್ಲಿ. ಇನ್ನೊಂದ್ ಸಲ ನಂಗೆ ಮೈ ಸರಿಯಿಲ್ದೆ ಓದ್ರೆ ಆಸ್ಪತ್ರೆಗೆ ಕರ್ಕಂಡ್ ಓಗ್ಬೇಕು, ಒಸ್ಲು ಮೇಲೆ ನೀರು ಮಡುಗೋದಲ್ಲ.”

ಗುರುಸ್ವಾಮಿಯ ಮುಖ ಕೆಂಪಾಯಿತು. ತಾಯಿಯ ಮುಖ ನೋಡಿದ. ವಿಜಯಮ್ಮ ಎದ್ದರು. “ಎಂಡ್ತಿ ಆಸ್ಗೆ ಒರಕ್ಕೆ ನಾನು ಮಗನ್ನ ಎತ್ತಿಲ್ಲ” ಎಂದು ಹೊರಟರು. ಅವನೂ ಹಿಂದೆಯೇ ಹೋದ. ಕಾಫಿ ಲೋಟಗಳು ತುಂಬಿದ ಹಾಗೇ ಉಳಿದವು.

ಬೀದಿಯಲ್ಲಿ ಮಾತು ಬೆಳೆಯಿತು. ಗಂಡನ ಮನೆ ಕಳೆದುಕೊಂಡಳು ಎಂದರು, ತಾಯಿಯೇ ಕೆಡಿಸಿದಳು ಎಂದರು. ಹಾಗೆಂದವರೆಲ್ಲ ತಮ್ಮ ಕಲೆಯಾದ ಸೀರೆಗಳನ್ನು ಹಿಡಿದು ಅವರ ಜಗಲಿಗೇ ಬರುತ್ತಿದ್ದರು. ಮಹಾಲಕ್ಷ್ಮಮ್ಮ ಸೀರೆ ತೆಗೆದುಕೊಳ್ಳುತ್ತಿದ್ದರು, ಮಾತು ತೆಗೆದುಕೊಳ್ಳುತ್ತಿರಲಿಲ್ಲ. ಅನಸೂಯ ತಾಯಿಯ ಕೆಲಸ ಕಲಿತಳು. ಅವಳ ಕೆನ್ನೆಗೆ ಬಣ್ಣ ಬಂತು.

ಸಂಕ್ರಾಂತಿಯಾದ ನಾಲ್ಕನೆಯ ದಿನ ಗುರುಸ್ವಾಮಿ ಒಬ್ಬನೇ ಬಂದ. ಜಗಲಿಯ ಮೇಲೆ ಕೂರದೆ ಕೆಳಗೇ ನಿಂತ.

“ಅತ್ತೆ, ಇಂದ್ಗಡೆ ಕೋಣೆಗೆ ಬೇರೆ ಬಾಗ್ಲು ಇಡ್ಸಿವ್ನಿ. ಒಲೆ ಹೂಡಿವ್ನಿ. ಅಲ್ಲೇ ಇರ್ತೀವಿ.”

ಮಹಾಲಕ್ಷ್ಮಮ್ಮ ತಲೆ ಎತ್ತಲಿಲ್ಲ. “ನನ್ನೇನ್ ಕೇಳ್ತೀಯಪ್ಪ. ಅವಳ್ನ ಕೇಳು.”

ಅನಸೂಯ ಅವನನ್ನು ಬಹಳ ಹೊತ್ತು ನಿಲ್ಲಿಸಿದಳು. ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದು, ಮೂಲೆಯ ಹಾಸಿಗೆ ತೋರಿಸಿದಳು. ಅವನು ಅದನ್ನು ಸುತ್ತಿ ಹಗ್ಗ ಬಿಗಿದು ತಲೆಯ ಮೇಲೆ ಎತ್ತಿಕೊಂಡ. ನಮ್ಮ ಬೀದಿಯುದ್ದಕ್ಕೂ ಮಗ್ಗಗಳ ಸದ್ದು ಒಂದೊಂದಾಗಿ ನಿಂತು, ಕಿಟಕಿಗಳಲ್ಲಿ ಮುಖಗಳು ಕಂಡವು. ಯಳಂದೂರಿನಲ್ಲೂ ಬಸ್ಸಿಳಿದು ಮನೆಯವರೆಗೆ ಅವನೇ ಹೊತ್ತನಂತೆ, ವಿಜಯಮ್ಮ ಬಾಗಿಲು ಹಾಕಿಕೊಂಡು ಒಳಗಿದ್ದರಂತೆ. ಅನಸೂಯ ಕಾಗದ ಬರೆದಿದ್ದಳು.

ಅವನು ಮಾತಿನಂತೆ ನಡೆದ ಎಂದು ಹೊಗಳಬೇಕೇ? ನನಗೆ ಹಾಗನ್ನಿಸುವುದಿಲ್ಲ. ಮೊದಲ ದಿನವೇ ಹೊಸ್ತಿಲು ದಾಟಿ ಒಂದು ತಂಬಿಗೆ ನೀರು ಕುಡಿಸಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಮಹಾಲಕ್ಷ್ಮಮ್ಮನೂ ಅಳಿಯನನ್ನು ಹೊಗಳಿದ್ದಿಲ್ಲ. ಬಂದರೆ ಊಟ ಬಡಿಸುತ್ತಿದ್ದರು.

೧೯೬೪ರ ಶ್ರಾವಣದಲ್ಲಿ ಅನಸೂಯಳಿಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ನೋವು ಕಾಣಿಸುವ ಹತ್ತು ದಿನ ಮುಂಚೆಯೇ ಗುರುಸ್ವಾಮಿ ಅವಳನ್ನು ಕರೆತಂದು ಬಿಟ್ಟಿದ್ದ. ಮೂರನೆಯ ದಿನ ವಿಜಯಮ್ಮ ಬಂದರು, ಕೈಯಲ್ಲಿ ಬೆಳ್ಳಿಯ ಉಡಿದಾರ. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಮಹಾಲಕ್ಷ್ಮಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದವರು ಏಳಲಿಲ್ಲ.

ವಿಜಯಮ್ಮ ಮಗುವನ್ನು ನೋಡಿದರು, ಸೊಸೆಯನ್ನು ನೋಡಿದರು. ನಿಂತೇ ಇದ್ದರು. ಕೊನೆಗೆ, “ಅಳೇದೆಲ್ಲ ಮರ್ತುಬುಡಿ ಬೀಗಿತ್ತಿ” ಎಂದರು.

“ನಾನು ಮರ್ತಿಲ್ಲ,” ಎಂದರು ಮಹಾಲಕ್ಷ್ಮಮ್ಮ. ದನಿ ಎತ್ತರಿಸಲಿಲ್ಲ, ಪಕ್ಕದ ಮಂಚದ ಬಾಣಂತಿ ಮಲಗಿದ್ದಳು. “ಮರೆಯೋದೂ ಇಲ್ಲ. ಮೊಮ್ಮಗಳ್ನ ನೋಡಕ್ ಬಂದಿದ್ದೀರಿ, ನೋಡಿ. ಎತ್ಕಳಿ. ಅದ್ಕೆ ನಂದೇನೂ ಅಡ್ಡಿ ಇಲ್ಲ.”

ವಿಜಯಮ್ಮ ಮಗುವನ್ನು ಎತ್ತಿಕೊಂಡರು. ಮಗು ಅತ್ತಿತು. ಅವರು ಅದನ್ನು ತೋಳಲ್ಲಿ ತೂಗುತ್ತ ಕಿಟಕಿಯ ಕಡೆ ಹೋದರು, ಮಹಾಲಕ್ಷ್ಮಮ್ಮ ನನ್ನ ಕೈಯಿಂದ ಗಂಜಿಯ ಪಾತ್ರೆ ಇಸಿದುಕೊಂಡು ಮಗಳಿಗೆ ಕುಡಿಸತೊಡಗಿದರು.